ಮದುವೆ ಔಷಧಿಯಲ್ಲ



ಸಭೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡದ ವಿಷಯವೊಂದನ್ನ ಇವತ್ತು ತಗೊಂಡಿದ್ದೀನಿ: ಸಲಿಂಗಾಕರ್ಷಣೆ. ನಿಮ್ಮಲ್ಲಿ ಬಹಳ ಜನ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಓದೋದಕ್ಕೆ, ಕೆಲಸಕ್ಕೆ ಅಂತ ಬೆಂಗಳೂರು, ಪುಣೆ, ಹೈದರಾಬಾದಿಗೆ ಬಂದವರು. ನಿಮ್ಮ ಆಫೀಸಿನಲ್ಲಿ ಈ ಮಾತು ಬಹಿರಂಗ, ಊರಿನಲ್ಲಿ ಪಿಸುಮಾತು. ರೂಮಿನಲ್ಲಿ ಜೊತೆಗಿರೋ ಹುಡುಗ ಒಂದು ರಾತ್ರಿ, "ಅಣ್ಣಾ, ನನ್ನ ಮನಸ್ಸು ಹುಡುಗಿಯರ ಕಡೆ ಹೋಗೋದೇ ಇಲ್ಲ. ಮನ್ಯಾಗ ಹೆಣ್ಣು ನೋಡ್ಲಿಕ್ಕತ್ಯಾರ. ಏನ್ ಮಾಡ್ಲಿ?" ಅಂತ ಕೇಳಿದರೆ ಏನು ಹೇಳ್ತೀರಿ?

ಮೊದಲು ನಮ್ಮ ಬೋಧನೆ ಏನು ಅಂತ ನೇರವಾಗಿ ಹೇಳಿಬಿಡ್ತೀನಿ. ಆದಿಕಾಂಡ 2ನೇ ಅಧ್ಯಾಯ ಮತ್ತು ಮತ್ತಾಯ 19ನೇ ಅಧ್ಯಾಯದ ಆಧಾರದ ಮೇಲೆ, ಮದುವೆ ಒಂದು ಗಂಡು ಒಂದು ಹೆಣ್ಣಿನ ಜೀವಮಾನದ ಒಡಂಬಡಿಕೆ ಅಂತ ನಮ್ಮ ಪೆಂತೆಕೊಸ್ತ್ ಸಭೆಗಳು ಬೋಧಿಸುತ್ತವೆ. ಅದರ ಹೊರಗಿನ ಲೈಂಗಿಕ ಸಂಬಂಧ, ಯಾರದ್ದೇ ಆಗಲಿ, ದೇವರ ಚಿತ್ತವಲ್ಲ ಅಂತ ನಂಬುತ್ತೇವೆ. ಈ ವಚನಗಳನ್ನು ಬೇರೆ ರೀತಿ ಅರ್ಥಮಾಡಿಕೊಳ್ಳುವ ಕ್ರೈಸ್ತರೂ ಇದ್ದಾರೆ. ಆದರೆ ಬೋಧನೆ ಏನು ಅಂತ ಹೇಳಿದ ಕೂಡಲೇ ಪಾಸ್ಟರ್ ಕೆಲಸ ಮುಗಿಯಲ್ಲ, ಅಲ್ಲಿಂದ ಶುರುವಾಗುತ್ತೆ.

1 ಕೊರಿಂಥ 6ನೇ ಅಧ್ಯಾಯದಲ್ಲಿ ಪೌಲನು ಕೊಡುವ ಪಟ್ಟಿಯನ್ನ ಪೂರ್ತಿ ಓದಿ. ಸಲಿಂಗ ಸಂಬಂಧದ ಮಾತು ಇರೋ ಆ ಪಟ್ಟಿಯಲ್ಲೇ ದುಡ್ಡಿನ ಆಸೆಬುರುಕರಿದ್ದಾರೆ, ಕುಡುಕರಿದ್ದಾರೆ, ಇನ್ನೊಬ್ಬರನ್ನು ಬೈಯುವವರೂ ಇದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗನನ್ನ "ಚಕ್ಕಾ" ಅಂತ ಆಡಿಕೊಂಡು ನಗುವವನು ಆ ಪಟ್ಟಿಯ ಹೊರಗಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯವನ್ನ ಜೋರಾಗಿ ಓದುವವರು 2ನೇ ಅಧ್ಯಾಯದ ಮೊದಲನೇ ವಚನದಲ್ಲಿ ನಿಲ್ಲಬೇಕು. ಅಲ್ಲಿ ಪೌಲ ತೀರ್ಪು ಮಾಡುವವನ ಕಡೆಗೇ ತಿರುಗುತ್ತಾನೆ.

ಕಾನೂನಿನ ಮಾತೂ ತಿಳಿದಿರಲಿ. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 377ನೇ ಕಲಮನ್ನು ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಹಚ್ಚಬಾರದು ಅಂತ ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಪೊಸ್ತೋಲಿಕ್ ಚರ್ಚಸ್ ಅಲಯನ್ಸ್, ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್‌ನಂಥ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಆ ಕಲಮು ಮತ್ತೆ ಊರ್ಜಿತವಾಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತು. ಇದನ್ನ ಕೇಳಿ ಗಾಬರಿಯಾದ ವಿಶ್ವಾಸಿಗಳಿದ್ದಾರೆ. ಯಾಕೆ ಗಾಬರಿ? ಪರಿಶುದ್ಧತೆಯನ್ನ ಕಲಿಸೋದಕ್ಕೆ ಯೇಸುವಿಗೆ ಪೊಲೀಸ್ ಠಾಣೆ ಬೇಕಾಗಿರಲಿಲ್ಲ. ಹೊರಗಿನವರಿಗೆ ತೀರ್ಪು ಮಾಡೋದು ನಮ್ಮ ಕೆಲಸವಲ್ಲ ಅಂತ ಪೌಲನೂ ಹೇಳಿದ್ದಾನೆ. ನನಗೆ ಚಿಂತೆ ಇರೋದು ನಮ್ಮೊಳಗೆ ನಡೆಯೋ ಒಂದು ಅನ್ಯಾಯದ ಬಗ್ಗೆ.

ಅದು ಈ ಮಾತು: "ಮದ್ವಿ ಮಾಡ್ರಿ, ಎಲ್ಲಾ ಸರಿ ಹೋಗ್ತದ." ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಲ್ಲ. ಮರ್ಯಾದೆಯ ಭಯ, ಮಗನ ಮೇಲಿನ ಪ್ರೀತಿ, ಎರಡೂ ಸೇರಿ ಆ ಮಾತು ಹೊರಡುತ್ತೆ. ಆದರೆ ಆ ಹುಡುಗಿಯನ್ನ ಯಾರಾದರೂ ಕೇಳಿದ್ರಾ? ಅವಳಪ್ಪ ತೊಗರಿ ಮಾರಿದ ದುಡ್ಡು ಕೂಡಿಟ್ಟು, ಸಾಲ ಮಾಡಿ ಮದುವೆ ಮಾಡಿಕೊಡ್ತಾನೆ. ಗಂಡ ತನ್ನ ಹತ್ತಿರ ಯಾಕೆ ಬರಲ್ಲ ಅಂತ ಗೊತ್ತಾಗದೆ ಅವಳು ವರ್ಷಗಟ್ಟಲೆ ತನ್ನಲ್ಲೇ ಏನೋ ಕೊರತೆ ಇದೆ ಅಂತ ಅಳ್ತಾಳೆ. ಮಕ್ಕಳಾಗಲಿಲ್ಲ ಅಂತ ಅತ್ತೆಮನೆಯವರ ಮಾತು ಬೇರೆ. ಒಬ್ಬನನ್ನ ಗುಣಪಡಿಸ್ತೀವಿ ಅಂತ ಇಬ್ಬರನ್ನ ಮುರಿದ ಹಾಗಾಯ್ತು. ಮದುವೆ ಪರಿಶುದ್ಧ ಅಂತ ಪ್ರಸಂಗಪೀಠದಿಂದ ಸಾರುವ ನಾವೇ ಅದನ್ನ ಗುಳಿಗೆಯ ಹಾಗೆ ನುಂಗಿಸಿದರೆ, ಮದುವೆಯನ್ನು ಅಗೌರವಿಸಿದವರು ಯಾರು?

ಇಲ್ಲಿ ಪಾಸ್ಟರ್‌ಗೆ ನಿಜವಾದ ಇಕ್ಕಟ್ಟು ಬರುತ್ತೆ. ಹುಡುಗ ತನ್ನ ಗುಟ್ಟನ್ನ ಅವರಿಗೆ ಮಾತ್ರ ಹೇಳಿದ್ದಾನೆ. ಮದುವೆಯ ದಿನ ಅದೇ ಪಾಸ್ಟರ್ ಸಭೆಯ ಮುಂದೆ ನಿಂತು, ಈ ಮದುವೆಗೆ ಯಾರದ್ದಾದರೂ ಅಡ್ಡಿ ಇದೆಯಾ ಅಂತ ಕೇಳಬೇಕು. ಗುಟ್ಟು ಬಿಚ್ಚಿದರೆ ನಂಬಿಕೆದ್ರೋಹ. ಸುಮ್ಮನೆ ಮದುವೆ ಮಾಡಿದರೆ ಹುಡುಗಿಗೆ ಮೋಸ. ನನ್ನ ಉತ್ತರ ಇದು: ಗುಟ್ಟನ್ನೂ ಹೇಳಬಾರದು, ಆ ಮದುವೆಯನ್ನೂ ಮಾಡಬಾರದು. ಹುಡುಗನಿಗೆ ಮೊದಲೇ ಹೇಳಬೇಕು: "ತಮ್ಮಾ, ನಿನ್ನ ಮಾತು ನನ್ನ ಹತ್ತಿರ ಭದ್ರ. ಆದರೆ ಆಕೆಗೆ ನೀನೇ ಸತ್ಯ ಹೇಳದ ಹೊರತು ನಾನು ಈ ಮದುವೆ ನಡೆಸಲಾರೆ." ಅವನು ಹೇಳಿದ ಮೇಲೆ ನಿರ್ಧಾರ ಆಕೆಯದ್ದು.

ಇನ್ನು ಬಿಡುಗಡೆ ಪ್ರಾರ್ಥನೆ. ನಾವು ಅದ್ಭುತಗಳನ್ನು ನಂಬುವ ಜನ, ಅದಕ್ಕೆ ಸ್ತೋತ್ರ. ಆದರೆ ದೇವರು ಕೊಡದ ವಾಗ್ದಾನವನ್ನ ನಾವು ಕೊಡಬಾರದು. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸೇವೆ ಈ ಆಕರ್ಷಣೆಯನ್ನ ಬದಲಿಸಬಹುದು ಅಂತ ಸಾರುತ್ತಿತ್ತು. 2013ರಲ್ಲಿ ಅದರ ಅಧ್ಯಕ್ಷರೇ ಕ್ಷಮೆ ಕೇಳಿದರು, ಸೇವೆಯನ್ನ ಮುಚ್ಚಿದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನ ರೋಗಗಳ ಪಟ್ಟಿಯಿಂದ ತೆಗೆದಿದೆ. ರೋಗ ಅಲ್ಲದ್ದಕ್ಕೆ ರೋಗದ ಹೆಸರಿಡಬೇಡಿ, ಹೊಡೆದು ಬಡಿದು ದೆವ್ವ ಬಿಡಿಸೋಕೆ ಹೋಗಬೇಡಿ. ಪೌಲನೇ ತನ್ನ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಬಂತು. ಶೋಧನೆ ಬಂದದ್ದೇ ಪಾಪವೂ ಅಲ್ಲ. ಇಬ್ರಿಯ 4ನೇ ಅಧ್ಯಾಯದ ಪ್ರಕಾರ ನಮ್ಮ ಕರ್ತನೂ ಶೋಧಿಸಲ್ಪಟ್ಟವನು.

"ಹಾಗಾದ್ರೆ ಜೀವನಪೂರ್ತಿ ಒಂಟಿಯಾಗಿರಬೇಕಾ?" ಅಂತ ಆ ಹುಡುಗ ಕೇಳ್ತಾನೆ. ಪ್ರಿಯರೇ, ಇದು ಹಗುರವಾದ ಪ್ರಶ್ನೆಯಲ್ಲ. ಮದುವೆಯಾಗಿ ಮಕ್ಕಳಿರುವ ನಾವು ಅವನಿಗೆ ಬ್ರಹ್ಮಚರ್ಯ ಬೋಧಿಸೋದು ಬಹಳ ಸುಲಭ. ಜನರ ಹೆಗಲಿಗೆ ಹೊರೆ ಹೊರಿಸಿ ತಾವು ಬೆರಳಿನಿಂದಲೂ ಮುಟ್ಟದ ಬೋಧಕರನ್ನ ಯೇಸು ಗದರಿಸಿದನು. ಹೊರೆ ಹೊರಿಸುವ ಸಭೆ ಹೊರಬೇಕು ಕೂಡ. ಒಂಟಿಯಾಗಿರುವವರನ್ನ ಅರೆಮನುಷ್ಯರ ಹಾಗೆ ನೋಡೋದನ್ನ ಬಿಡಿ. ಪೌಲ ಒಂಟಿ, ನಮ್ಮ ಕರ್ತನೂ ಒಂಟಿ. ಕ್ರಿಸ್‌ಮಸ್ ಊಟಕ್ಕೆ ಅವನಿಗೊಂದು ಮನೆ ಇರಬೇಕು. ಜ್ವರ ಬಂದರೆ ಗಂಜಿ ತರುವ ಅಕ್ಕ ಇರಬೇಕು. ವಯಸ್ಸಾದಾಗ ಆಸ್ಪತ್ರೆಗೆ ಕರ್ಕೊಂಡು ಹೋಗುವ ತಮ್ಮ ಇರಬೇಕು. ಇದು ನಮ್ಮಿಂದ ಆಗಲ್ಲ ಅಂದರೆ, ಅವನಿಗೆ ತ್ಯಾಗದ ಪಾಠ ಹೇಳೋ ಬಾಯಿ ನಮಗಿಲ್ಲ.

ಹಾಗಾಗಿ ಆ ರಾತ್ರಿ ಅವನು ಮಾತಾಡಿದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಪ್ರಾರ್ಥನಾ ವಿಷಯ ಅನ್ನೋ ನೆಪದಲ್ಲಿ ಗ್ರೂಪಿಗೆ ಹಾಕಬೇಡಿ. ನಮ್ಮ ಸಣ್ಣ ಊರಿನ ಸಭೆಯಲ್ಲಿ ಸುದ್ದಿ ಸಂಜೆಯೊಳಗೆ ಅವನ ಮನೆ ಮುಟ್ಟುತ್ತೆ. ಸಾಯ್ತೀನಿ ಅಂತ ಬಾಯಿಬಿಟ್ಟರೆ ಒಬ್ಬನನ್ನೇ ಬಿಡಬೇಡಿ. ಪ್ರಾರ್ಥನೆಯ ಜೊತೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಸತ್ಯವನ್ನೂ ಬಿಡದೆ, ಆ ಹುಡುಗನನ್ನೂ ಬಿಡದೆ, ಏನೂ ತಿಳಿಯದ ಹುಡುಗಿಯನ್ನ ಬಲಿಕೊಡದೆ ನಡೆಯುವ ಜ್ಞಾನವನ್ನ ಕರ್ತನು ನಮ್ಮ ಸಭೆಗಳಿಗೆ ಕೊಡಲಿ. ಆಮೆನ್.