ಅಂಗಡಿಯ ನುಡಿ, ಅಂಗಡಿಯ ಲೆಕ್ಕ

ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಕ್ಕೆ ವಿಭೂತಿಯಿಟ್ಟು ಪೂಜಿಸುವ ಪದ್ಧತಿಯು ನಮ್ಮ ನಾಡಿನ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಪೂಜೆಗೊಂಡ ಆ ಪುಸ್ತಕವು ಮರುದಿನದಿಂದ ಎಷ್ಟು ಅಂಗಡಿಗಳಲ್ಲಿ ನಿತ್ಯವೂ ತೆರೆಯಲ್ಪಡುವುದೆಂಬುದು ಬೇರೆ ಮಾತು.

ಸಣ್ಣ ವ್ಯಾಪಾರವನ್ನೇ ಕಾಯಕವಾಗಿ ಹಿಡಿದ ಭಕ್ತರಲ್ಲಿ ಒಂದು ಸಂದೇಹವು ತಲೆದೋರುವುದುಂಟು. ಬಸವಣ್ಣನವರು ಆತ್ಮಸ್ತುತಿಯನ್ನು ಕಳವು, ಕೊಲೆ, ಹುಸಿಗಳ ಸಾಲಿನಲ್ಲಿಯೇ ಇಟ್ಟು ನಿಷೇಧಿಸಿದರು. ಇಂದಿನ ವ್ಯಾಪಾರವಾದರೋ ಜಾಹೀರಾತಿಲ್ಲದೆ ನಡೆಯುವಂತಿಲ್ಲ. ಬೀದಿಯ ಫಲಕವಿರಲಿ, ವಾಟ್ಸಾಪಿನ ಸಂದೇಶವಿರಲಿ, ತನ್ನ ಸರಕು ಇತರರದಕ್ಕಿಂತ ಮೇಲೆಂದು ಸಾರುವುದೇ ಅದರ ಕೆಲಸ. ಹಾಗಾದರೆ ಶರಣಮಾರ್ಗದಲ್ಲಿ ನಡೆಯುವವನು ಬಾಯಿ ಮುಚ್ಚಿಕೊಂಡು ಗಿರಾಕಿಯ ದಾರಿ ಕಾಯಬೇಕೆ?

ಗಾಣದ ಎಣ್ಣೆ ಮಾರುವವನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಾಣದ ಕಾಯಕದಿಂದಲೇ ಹೆಸರಾದ ಕಣ್ಣಪ್ಪನಂತಹ ಶರಣರಿದ್ದ ಪರಂಪರೆಯಲ್ಲಿ ಅದೇನೂ ಕಡಿಮೆಯ ಕಸುಬಲ್ಲ. ತನ್ನ ಶೇಂಗಾ ಎಣ್ಣೆ ಮರದ ಗಾಣದ್ದು, ಒಂದು ಲೀಟರಿಗೆ ಸುಮಾರು 2.5 ಕಿಲೋ ಕಾಳು ಬೇಕಾಗುವುದು, ಆದುದರಿಂದಲೇ ಬೆಲೆ ಹೆಚ್ಚು, ತಳದಲ್ಲಿ ಗಷ್ಟು ನಿಲ್ಲುವುದುಂಟು ಎಂದು ಅವನು ಸಾರಿದರೆ ಅದು ಆತ್ಮಸ್ತುತಿಯಲ್ಲ. ಕೊಳ್ಳುವವನು ತಾನೇ ತೂಗಿ ನೋಡುವುದಕ್ಕೆ ಬೇಕಾದ ಸಂಗತಿಯನ್ನು ಅವನ ಮುಂದೆ ಇಟ್ಟಂತಾಯಿತು. ಈ ಎಣ್ಣೆ ಸಕ್ಕರೆರೋಗವನ್ನು ಕಳೆಯುವುದು, ಹೃದಯದ ಬೇನೆಯನ್ನು ನೀಗುವುದು ಎಂದೊಡನೆ ಮಾತಿನ ಜಾತಿಯೇ ಬದಲಾಗುತ್ತದೆ. ಇಲ್ಲಿ ಕೊಳ್ಳುವವನ ಭಯವು ಸರಕಾಗುವುದೇ ಹೊರತು ಎಣ್ಣೆಯಲ್ಲ. ಮೊದಲನೆಯ ಮಾತು ಗಿರಾಕಿಯ ವಿವೇಕವನ್ನು ಕೆಲಸಕ್ಕೆ ಹಚ್ಚುವುದು; ಎರಡನೆಯದು ಅದನ್ನು ಮಲಗಿಸುವುದು.

ಹುಸಿಯನ್ನು ಬಾಯಿಬಿಟ್ಟು ಆಡದೆಯೂ ಹುಸಿಯುವ ಬಗೆಯುಂಟು. ಒಂದು ಲೀಟರು ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಮಿನಷ್ಟೇ ಆಗುವುದು. ಕಿಲೋ ಮತ್ತು ಲೀಟರು ಒಂದೇ ಎಂದು ನಂಬಿ ಬಂದವನಿಗೆ ಲೀಟರನ್ನಳೆದು ಕಿಲೋದ ಬೆಲೆ ಪಡೆಯುವ ಅಂಗಡಿಕಾರನು ಒಂದು ಸುಳ್ಳನ್ನೂ ಆಡಿಲ್ಲ. ಆದರೂ ಸುಮಾರು 90 ಗ್ರಾಮು ಅವನ ಮನೆಗೆ ಬಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮಹತ್ವದ ಸಂಗತಿಯನ್ನು ಬೇಕೆಂದೇ ಮರೆಸುವುದನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಎಣಿಸಿದೆ. ಭಕ್ತನು ಕಾಯಿದೆಗಿಂತ ಒಂದು ಹೆಜ್ಜೆ ಹಿಂದೆ ಉಳಿಯುವುದು ಶೋಭೆಯಲ್ಲ.

ಇಲ್ಲಿಯವರೆಗಿನ ಮಾತು ತಿಳಿದೂ ತಪ್ಪುವವರದು. ಇದಕ್ಕಿಂತ ಕಠಿನವಾದ ಪ್ರಶ್ನೆ ತಿಳಿಯದೆ ತಪ್ಪುವವರದು. ಹಬ್ಬದ ಮುನ್ನ ಸಂದೇಶ ಕಳುಹಿಸಿ ಐವತ್ತು ಮನೆಗಳಿಗೆ ಶುಕ್ರವಾರ ಎಣ್ಣೆ ಮುಟ್ಟಿಸುವೆನೆಂದು ಮಾತು ಕೊಟ್ಟವನು, ಯಾರು ಎಷ್ಟು ಹೇಳಿದರು, ಕಾಳು ಎಷ್ಟು ಉಳಿದಿದೆ, ಗಾಣ ದಿನಕ್ಕೆ ಎಷ್ಟು ಇಳಿಸುವುದು ಎಂಬುದನ್ನು ಬರೆದಿಡದಿದ್ದರೆ, ಶುಕ್ರವಾರದ ಹೊತ್ತಿಗೆ ಇಪ್ಪತ್ತು ಮನೆಗಳಿಗೆ ಅವನು ಹುಸಿದವನಾಗಿರುತ್ತಾನೆ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ನಿಜ. ಆದರೆ ಕಾದು ಕುಳಿತ ಮನೆಯವರಿಗೆ ಆ ಭೇದದಿಂದ ಆಗುವ ಪ್ರಯೋಜನವೇನು? ಹಲವರಿಗೆ ಆಡಿದ ಮಾತು ಹಲವರಲ್ಲಿ ಮಾಡಿದ ಸಾಲ. ಸಾಲವನ್ನು ಬರೆದಿಡುವವನು ಮಾತನ್ನೂ ಬರೆದಿಡಬೇಕಾಗುತ್ತದೆ.

ಲೆಕ್ಕ ಬರೆಯುವುದು ಲೋಭಿಯ ಲಕ್ಷಣ, ಭಕ್ತನಿಗೇಕೆ ಆ ಜಂಜಡ ಎನ್ನುವವರೂ ಇದ್ದಾರೆ. ಅವರು ಬಸವಣ್ಣನವರ ವೃತ್ತಿಯನ್ನು ನೆನೆಯಬೇಕು. ಅವರು ಬಿಜ್ಜಳನ ಭಂಡಾರಿಗಳು. ಬೊಕ್ಕಸವನ್ನು ಜಂಗಮರಿಗೆ ಸುರಿದರೆಂಬ ದೂರು ಬಂದಾಗ ಹಣವನ್ನು ಎಣಿಸಿ ನೋಡಲಾಗಿ ಏನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪುರಾಣಕಾರರಿಗೆ ಅದು ಪವಾಡ. ಎಣಿಕೆಗೆ ಅಂಜದೆ ಬೀಗ ತೆರೆದು ನಿಂತ ಭಂಡಾರಿಯೇ ಅಂಗಡಿಕಾರನ ಕಣ್ಣಿಗೆ ಮೊದಲು ಬೀಳತಕ್ಕವನು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದವರಿಲ್ಲ. ಮಾರಯ್ಯನು ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಆಕೆ ಹೇಳಿದಳು. ಆಕೆಯ ನಿರಾಶೆಯನ್ನು ಎಲ್ಲರೂ ಕೊಂಡಾಡುವರು. ಆದರೆ ಹೆಚ್ಚಾಯಿತೆಂದು ಆಕೆಗೆ ಗೊತ್ತಾದುದು ಹೇಗೆ? ನಿತ್ಯದ ಅಳತೆ ಆಕೆಗೆ ಗೊತ್ತಿತ್ತು. ಅಳತೆಯನ್ನೇ ಅರಿಯದ ಮನೆಯಲ್ಲಿ ಹೆಚ್ಚೂ ಕಾಣದು, ಕಡಿಮೆಯೂ ಕಾಣದು. ದಾಸೋಹಕ್ಕೂ ಇದೇ ಮಾತು ಸಲ್ಲುವುದು. ಗಲ್ಲದ ಹಣವನ್ನೂ ಮನೆಯ ಹಣವನ್ನೂ ಕಾಳಿನ ವ್ಯಾಪಾರಿಗೆ ಸಲ್ಲಬೇಕಾದ ಉದ್ರಿಯನ್ನೂ ಒಂದೇ ಚೀಲದಲ್ಲಿ ಬೆರೆಸಿ, ಅದರಿಂದ ಹಿಡಿ ತುಂಬ ತೆಗೆದು ಮಠಕ್ಕೆ ಕೊಡುವವನು ತನ್ನ ಕಾಯಕದ ಫಲವನ್ನು ಕೊಟ್ಟನೋ, ಮತ್ತೊಬ್ಬನ ಬಾಕಿಯನ್ನು ಕೊಟ್ಟನೋ? ಅದಕ್ಕೆ ಅವನೇ ಉತ್ತರ ಕೊಡಲಾರ.

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಹಾಲು ತರಕಾರಿ ಮಾರುವವರೂ ಗಾಬರಿಗೊಂಡು ಸಂಕೇತದ ಹಾಳೆಯನ್ನು ಕಿತ್ತು, ರೊಕ್ಕವನ್ನಷ್ಟೇ ಕೊಡಿರೆಂದು ಬರೆದು ತೂಗಿಹಾಕಿದರು. ತೆರಿಗೆಯಿಲ್ಲದ ಸರಕನ್ನು ಮಾರುವವರನ್ನು ಪೀಡಿಸುವುದಿಲ್ಲವೆಂದು ಸರಕಾರವು ಬಳಿಕ ಹೇಳಿತು. ನೋಟೀಸಿನ ನ್ಯಾಯಾನ್ಯಾಯ ಏನೇ ಇರಲಿ, ಖರೀದಿಯ ಚೀಟಿಗಳನ್ನು ದಾರಕ್ಕೆ ಪೋಣಿಸಿಟ್ಟವನಿಗೂ, ಕೈಗಡ, ಮಗಳ ಮದುವೆಯ ಹಣ, ಮಾರಾಟ ಎಲ್ಲವನ್ನೂ ಒಂದೇ ಖಾತೆಯಲ್ಲಿ ಬೆರೆಸಿದವನಿಗೂ ಆ ರಾತ್ರಿ ಒಂದೇ ಬಗೆಯ ನಿದ್ರೆ ಬಂದಿರಲಾರದು.

ಹೀಗೆ ನಡೆದವನಿಗೆ ಲಾಭ ಹೆಚ್ಚುವುದೆಂದು ಯಾವ ಶರಣರೂ ಭರವಸೆ ಕೊಟ್ಟಿಲ್ಲ. ಈ ಸಲದ ಕಾಳು ಹಳೆಯದು, ಎಣ್ಣೆ ತುಸು ಕಹಿ ಎಂದು ಫಲಕದಲ್ಲಿ ಬರೆದವನ ಡಬ್ಬಿಗಳು ಆ ತಿಂಗಳು ಮಾರಾಟವಾಗದೆ ಉಳಿಯಬಹುದು. ಎದುರಂಗಡಿಯವನು ಅದೇ ಕಾಳಿನ ಎಣ್ಣೆಯನ್ನು ಅಮೃತವೆಂದು ಮಾರಿ ಮುಗಿಸಬಹುದು. ಆ ನಷ್ಟವನ್ನೂ ಅವನು ತನ್ನ ರೋಕಡಿಯಲ್ಲಿ, ಅದರ ತಾರೀಖಿನ ಮುಂದೆ, ಬರೆಯಬೇಕಾಗುತ್ತದೆ.