ಹೇರಿದ ಹಸಿವು ಉಪವಾಸವಲ್ಲ

ಉಪವಾಸವು ಬರಿಯ ಅನ್ನತ್ಯಾಗವಲ್ಲವೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆಗೆದು, ಮನಸ್ಸು ಆತ್ಮನ ಸಮೀಪದಲ್ಲಿ ನೆಲಸುವುದೇ ಉಪವಾಸ. ಕಷಾಯಗಳು ಶಮನಗೊಳ್ಳದೆ, ಸಂಕಲ್ಪವಿಲ್ಲದೆ, ಹೊಟ್ಟೆ ಮಾತ್ರ ಬರಿದಾಗಿದ್ದರೆ ಹಿರಿಯರು ಅದನ್ನು ಲಂಘನವೆಂದು ಬೇರೆಯಾಗಿಯೇ ಇರಿಸಿದ್ದಾರೆ. ತಾನಾಗಿ, ತಿಳಿದು, ಪ್ರಸನ್ನತೆಯಿಂದ ಕೈಕೊಂಡ ನಿಯಮವೇ ವ್ರತ. ಪರರು ಬಲಾತ್ಕಾರದಿಂದ ಹೇರಿದುದು ಎಷ್ಟೇ ಕಠಿಣವಾಗಿದ್ದರೂ ವ್ರತವೆನಿಸದು. ಈ ಭೇದವನ್ನು ಎಲ್ಲರೂ ಬಲ್ಲರು. ಆದರೆ ಮನೆಯ ಮಕ್ಕಳ ವಿಷಯ ಬಂದಾಗ ಎಷ್ಟೋ ವೇಳೆ ಮರೆಯುತ್ತಾರೆ.

ವಿಷಯವು ವಿಶದವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಲ್ಲಿ, ವೀರಾಂಜನೇಯ ದೇವಾಲಯದ ಗುಡ್ಡಕ್ಕೆ ಅನತಿದೂರದಲ್ಲಿ, ಹಾಸನದ ಕಡೆಯಿಂದ ಬಂದು ನೆಲಸಿದ ಒಂದು ದಿಗಂಬರ ಜೈನ ಕುಟುಂಬ. ಅಜ್ಜ, ತಂದೆ, ತಾಯಿ, ಆರನೆಯ ತರಗತಿಯಲ್ಲಿ ಓದುವ ಮಗ. ಊರಿನಲ್ಲಿ ಬಸದಿಯ ಸುತ್ತ ತಮ್ಮವರ ಮನೆಗಳಿದ್ದುವು; ಇಲ್ಲಿ ಇಡೀ ತರಗತಿಯಲ್ಲಿ ಜೈನ ಬಾಲಕನೆಂದರೆ ಅವನೊಬ್ಬನೇ. ದಶಲಕ್ಷಣ ಪರ್ವದಲ್ಲಿ ಅವನು ಅಜ್ಜನೊಡನೆ ಪೂಜೆಗೆ ಕುಳಿತ. ಅನಂತ ಚತುರ್ದಶಿಯಂದು ಉಪವಾಸವಿದ್ದ. ಪರ್ವ ಮುಗಿದ ಬಳಿಕವೂ, “ಅಮ್ಮ, ನನಗೆ ಬುತ್ತಿ ಕಟ್ಟಬೇಡ. ಮಧ್ಯಾಹ್ನದ ಊಟ ಬಿಟ್ಟಿದ್ದೇನೆ, ಅದು ನನ್ನ ನಿಯಮ” ಎಂದ. ಅಜ್ಜನ ಹಿಗ್ಗಿಗೆ ಪಾರವಿಲ್ಲ. ಬಸದಿಗೆ ಹೋದಾಗ ಬಂಧುಗಳೆದುರು ಮೊಮ್ಮಗನ ವ್ರತನಿಷ್ಠೆಯನ್ನು ಕೊಂಡಾಡಿದರು.

ತಾಯಿ ಮಾತ್ರ ಒಂದು ಸಂಗತಿಯನ್ನು ಗಮನಿಸಿದರು. ಭಾನುವಾರ ಈ ನಿಯಮವಿಲ್ಲ. ರಜೆಯ ದಿನ ಮಗ ಹನ್ನೆರಡು ಗಂಟೆಗೇ ತಟ್ಟೆಯ ಮುಂದೆ ಕುಳಿತು ಎರಡು ಬಾರಿ ಬಡಿಸಿಕೊಳ್ಳುತ್ತಾನೆ. ಅಷ್ಟಮಿ ಚತುರ್ದಶಿಗಳನ್ನು ನೋಡದೆ ಶಾಲೆಯ ವೇಳಾಪಟ್ಟಿಯನ್ನು ನೋಡಿ ನಡೆಯುವ ವ್ರತ ಯಾವುದು? ರಾತ್ರಿ ಮಲಗುವ ಹೊತ್ತಿಗೆ ಮೆಲ್ಲನೆ ಕೇಳಿದಾಗ ನಿಜ ಹೊರಬಿತ್ತು. ಮೇಲಿನ ತರಗತಿಯ ಮೂವರು ಹುಡುಗರು ತಿಂಗಳುಗಳಿಂದ ಅವನಿಗೆ ಕಾಟ ಕೊಡುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೆಂದು ಗೇಲಿ ಮಾಡಿ ಡಬ್ಬಿಯನ್ನು ಮೋರಿಗೆ ಸುರಿಯುತ್ತಿದ್ದರು. ಒಂದು ದಿನ ಅನ್ನದ ನಡುವೆ ಮೊಟ್ಟೆಯ ಚೂರನ್ನು ಹುದುಗಿಸಿಟ್ಟರು. ಉಳಿದ ಮಕ್ಕಳು ಸುತ್ತ ನಿಂತು ನಕ್ಕರು. ಅಂದಿನಿಂದ ಬಾಲಕ ಬುತ್ತಿ ಒಯ್ಯುವುದನ್ನೇ ಬಿಟ್ಟ. ಉಪಾಧ್ಯಾಯರಿಗೆ ಹೇಳಿದಾಗ, “ಹೊಂದಿಕೊಂಡು ಹೋಗಬೇಕಪ್ಪ” ಎಂಬ ಉತ್ತರ ದೊರಕಿತ್ತು.

ಮರುದಿನ ತಂದೆ, “ನೀನೂ ತಿರುಗಿ ಎರಡು ಬಿಡು” ಎಂದರು. ಅಜ್ಜ, “ಬೇಡ ಮಗು, ಕ್ಷಮಿಸಿಬಿಡು. ದಶಧರ್ಮಗಳಲ್ಲಿ ಉತ್ತಮ ಕ್ಷಮೆಯೇ ಮೊದಲನೆಯದು” ಎಂದರು. ಬಾಲಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅಜ್ಜ, ಚತುರ್ದಶಿಯ ಉಪವಾಸ ನಾನು ಮಾಡಿದ್ದು. ಇದು ಅವರು ಮಾಡಿಸಿದ್ದು.”

ಹನ್ನೊಂದು ವರ್ಷದ ಬಾಲಕನ ಈ ಮಾತಿನಲ್ಲಿ ಶಾಸ್ತ್ರದ ಒಂದು ಸೂಕ್ಷ್ಮವೇ ಅಡಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಕೃಷಿ ಪಶುಪಾಲನೆಗಳ ಕಾಲದಲ್ಲಿ ಇವನ್ನು ಎತ್ತು ಕುದುರೆಗಳ ಉದಾಹರಣೆಯಿಂದ ಬೋಧಿಸುವುದು ರೂಢಿಯಾಗಿತ್ತು. ಆದರೆ ಶಾಲೆಯ ಅಂಗಳವನ್ನು ಕಣ್ಣಿಟ್ಟು ನೋಡಿದವರಿಗೆ ಇವು ಅಲ್ಲಿಯೂ ಗೋಚರಿಸುತ್ತವೆ. ಚಿಕ್ಕವನನ್ನು ಶೌಚಾಲಯದಲ್ಲಿ ಕೂಡಿ ಅಗುಳಿ ಹಾಕುವುದು ಬಂಧ. ತನ್ನ ಪುಸ್ತಕದ ಚೀಲವನ್ನೂ ಅವನ ಹೆಗಲಿಗೇರಿಸುವುದು ಅತಿಭಾರಾರೋಪಣ. ಅವನ ಬುತ್ತಿಯನ್ನು ಚೆಲ್ಲುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ತಾನಾಗಿ ಅನ್ನ ಬಿಟ್ಟರೆ ಅದು ತಪಸ್ಸು. ಪರರ ಅನ್ನ ಬಿಡಿಸಿದರೆ ಅದು ಹಿಂಸೆ. ಎರಡರಲ್ಲಿಯೂ ಹೊಟ್ಟೆ ಒಂದೇ ರೀತಿ ಹಸಿಯುತ್ತದೆ ಎಂಬುದರಿಂದ ಎರಡೂ ಒಂದೇ ಆಗುವುದಿಲ್ಲ.

ಮೈಮೇಲೆ ಗಾಯವಿಲ್ಲ, ಆದ್ದರಿಂದ ಇದು ಮಕ್ಕಳಾಟವೆಂದು ಕೆಲವರು ವಾದಿಸುವುದುಂಟು. ಪ್ರಮಾದಯುಕ್ತನಾಗಿ ಪ್ರಾಣಗಳನ್ನು ಪೀಡಿಸುವುದು ಹಿಂಸೆ. ಆ ಪ್ರಾಣಗಳಾದರೋ ಹತ್ತು. ಪಂಚೇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸ. ದಿನದಿನವೂ ಅವಮಾನಕ್ಕೊಳಗಾದ ಮಗು ತರಗತಿಯಲ್ಲಿ ಬಾಯಿ ತೆರೆಯದಂತಾದರೆ ವಚನಬಲಕ್ಕೆ ಪೆಟ್ಟು ಬಿದ್ದಿದೆ. ಶಾಲೆಯೆಂದರೆ ನಡುಗುವಂತಾದರೆ ಮನೋಬಲಕ್ಕೆ ಪೆಟ್ಟು ಬಿದ್ದಿದೆ. ಈ ಪೆಟ್ಟು ಎಲ್ಲಿಗೆ ಮುಟ್ಟಬಹುದೆಂಬುದನ್ನು ನಾರ್ವೆ ದೇಶ ೧೯೮೨ರ ಕೊನೆಯಲ್ಲಿ ಕಂಡಿತು. ಸಹಪಾಠಿಗಳ ಕಾಟಕ್ಕೆ ಗುರಿಯಾಗಿದ್ದರೆನ್ನಲಾದ ಮೂವರು ಬಾಲಕರು ಅಲ್ಲಿ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ೧೯೮೩ರಲ್ಲಿ ಅಲ್ಲಿನ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಆಂದೋಲನವನ್ನೇ ಹೂಡಿತು.

ಇನ್ನು ಸುತ್ತ ನಿಂತು ನಕ್ಕವರ ವಿಷಯ. ಜಪಮಾಲೆಯ ನೂರೆಂಟು ಮಣಿಗಳ ಲೆಕ್ಕ ಬಲ್ಲವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನ, ವಚನ, ಕಾಯಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವುಗಳ ಗುಣಾಕಾರವೇ ನೂರೆಂಟು. ಇದರಲ್ಲಿ ಮೂರನೆಯ ಒಂದು ಪಾಲು, ಎಂದರೆ ಮೂವತ್ತಾರು, ಅನುಮೋದನೆಗೆ ಸೇರಿದುದು. ಬುತ್ತಿ ಚೆಲ್ಲಿದವರು ಮೂವರು; ನಕ್ಕವರು ಮೂವತ್ತು ಮಂದಿ. ಆ ನಗು ಇಲ್ಲದಿದ್ದರೆ ಆ ಆಟ ಎಷ್ಟು ದಿನ ನಡೆದೀತು? ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ೨೦೦೯ರಿಂದ ಆ ದೇಶದ ಶಾಲೆಗಳಲ್ಲಿ ಹರಡಿದ ‘ಕಿವ’ ಎಂಬ ಕಾರ್ಯಕ್ರಮವು ಮುಖ್ಯವಾಗಿ ತಿದ್ದಲು ಹೊರಟದ್ದು ಈ ನೋಡುಗರನ್ನೇ. ಜೈನಾಚಾರ್ಯರು ಶತಮಾನಗಳ ಹಿಂದೆಯೇ ಅನುಮೋದನೆಯನ್ನು ಪಾಪದ ಲೆಕ್ಕಕ್ಕೆ ಸೇರಿಸಿದ್ದರೆಂಬುದನ್ನು ನೆನೆದರೆ ಹೆಮ್ಮೆಯಾಗುವುದು ಸಹಜ. ಆದರೆ “ಹೊಂದಿಕೊಂಡು ಹೋಗು” ಎಂದ ಉಪಾಧ್ಯಾಯರೂ ಅದೇ ಮೂವತ್ತಾರರ ಸಾಲಿನಲ್ಲಿ ನಿಲ್ಲುವರಲ್ಲವೇ? “ಕ್ಷಮಿಸಿಬಿಡು” ಎಂದಷ್ಟೇ ಹೇಳಿ ಎದ್ದುಹೋದ ಅಜ್ಜನೂ ನಿಲ್ಲುವರಲ್ಲವೇ? ಹೆಮ್ಮೆಗಿಂತ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು.

ಇಲ್ಲಿಯೇ ವಿಷಯದ ಗಂಟು ಇರುವುದು. ಕ್ಷಮೆ ಪರಮಧರ್ಮವೆಂಬುದು ನಿಸ್ಸಂದೇಹ. ಆದರೆ ಪ್ರತೀಕಾರ ಮಾಡಬಲ್ಲವನು ಕ್ರೋಧವನ್ನು ಗೆದ್ದು ಸುಮ್ಮನಾದರೆ ಅದು ಕ್ಷಮೆ. ಬೇರೆ ದಾರಿಯೇ ಕಾಣದೆ ಸುಮ್ಮನಾದರೆ ಅದು ಭಯ. ಹಸಿವೂ ಬೈಗುಳವೂ ಹೊಡೆತವೂ ಇಪ್ಪತ್ತೆರಡು ಪರೀಷಹಗಳಲ್ಲಿ ಸೇರಿವೆ, ನಿಜ. ಅವನ್ನು ಜಯಿಸಬೇಕಾದವರು ತಿಳಿದು ಮಹಾವ್ರತವನ್ನು ಸ್ವೀಕರಿಸಿದ ಮುನಿಗಳು. ಅಣುವ್ರತವನ್ನೂ ಪೂರ್ಣವಾಗಿ ಪಾಲಿಸಲಾರದ ಹಿರಿಯರು ಮುನಿಗಳ ಪರೀಷಹಜಯವನ್ನು ಆರನೆಯ ತರಗತಿಯ ಮಗುವಿನಿಂದ ಅಪೇಕ್ಷಿಸುವುದು ಯಾವ ನ್ಯಾಯ? ಅದು ಮಗುವಿನ ಮೇಲೆ ಹೇರಿದ ಎರಡನೆಯ ಉಪವಾಸವೇ ಸರಿ.

ಭಗವಾನ್ ಪಾರ್ಶ್ವನಾಥರ ಚರಿತ್ರೆಯನ್ನು ಇಲ್ಲಿ ಸ್ಮರಿಸಬೇಕು. ಕಮಠನ ಜೀವವು ಭವಭವಗಳಲ್ಲಿ ಮರುಭೂತಿಯ ಜೀವವನ್ನು ಬೆನ್ನಟ್ಟಿ ಕಾಡಿತು. ಕೊನೆಗೆ ಶಂಬರನೆಂಬ ದೇವನಾಗಿ, ಧ್ಯಾನಸ್ಥರಾದ ಸ್ವಾಮಿಯ ಮೇಲೆ ಬಿರುಗಾಳಿ, ಮಳೆ, ಬಂಡೆಗಳ ಉಪಸರ್ಗವನ್ನು ಸುರಿಸಿತು. ಸ್ವಾಮಿಯು ಕಿಂಚಿತ್ತೂ ವಿಚಲಿತರಾಗಲಿಲ್ಲ. ಇದಕ್ಕಿಂತ ದೊಡ್ಡ ಕ್ಷಮೆಯನ್ನು ಲೋಕ ಕಂಡಿಲ್ಲ. ಆದರೆ ಧರಣೇಂದ್ರನು ಏನು ಮಾಡಿದನು? “ಸ್ವಾಮಿಯು ಕ್ಷಮಾಶೀಲರು, ಸಹಿಸಿಕೊಳ್ಳಲಿ” ಎಂದು ನೋಡುತ್ತ ನಿಂತನೇ? ಪದ್ಮಾವತಿಯೊಡನೆ ಬಂದು ಹೆಡೆಯೆತ್ತಿ ಮರೆಯಾದನು. ಐಹೊಳೆಯ ಜೈನ ಗುಹೆಯ ಭಿತ್ತಿಯಲ್ಲಿ ಈ ಪ್ರಸಂಗವನ್ನು ಇಂದಿಗೂ ಕಾಣಬಹುದು. ಶಂಬರನೂ ಕೊನೆಯಲ್ಲಿ ನಾಶವಾಗಲಿಲ್ಲ. ಶಾಂತನಾಗಿ ಸಮ್ಯಕ್ತ್ವವನ್ನು ಪಡೆದನು. ಕ್ಷಮೆ ಪೀಡಿತನ ಧರ್ಮ. ಹೆಡೆಯೆತ್ತುವುದು ಸಮರ್ಥನ ಧರ್ಮ. ಎರಡನೆಯದನ್ನು ಮಾಡದವರಿಗೆ ಮೊದಲನೆಯದನ್ನು ಬೋಧಿಸುವ ಅಧಿಕಾರವಿಲ್ಲ.

ಹಾಗಾದರೆ ತಂದೆಯ ಮಾತು ಸರಿಯೇ? ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು; ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಅವನಿಗೆ ಸರ್ವಥಾ ನಿಷೇಧಿಸಿಲ್ಲ. ಆದರೂ ಮೂವರು ದೊಡ್ಡವರೆದುರು ಒಬ್ಬ ಚಿಕ್ಕವನನ್ನು ಕಾಳಗಕ್ಕೆ ಕಳುಹಿಸುವುದು ರಕ್ಷಣೆಯ ಹೊಣೆಯನ್ನು ಅವನ ಹೆಗಲಿಗೇ ಹೊರಿಸಿದಂತೆ. ಅಜ್ಜನ ಮಾತೂ ತಂದೆಯ ಮಾತೂ ಬೇರೆ ಬೇರೆಯಾಗಿ ತೋರಿದರೂ ಎರಡರ ಫಲವೂ ಒಂದೇ: ಮಗು ಏಕಾಕಿಯಾಯಿತು.

ಮೊದಲ ಕರ್ತವ್ಯ, ಮಗು ಹೇಳುವುದನ್ನು ನಡುವೆ ತಡೆಯದೆ ಕೇಳುವುದು. “ನೀನೇನು ಮಾಡಿದ್ದೆ?” ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಮಗು ಮತ್ತೆ ಬಾಯಿ ತೆರೆಯದು. ಎರಡನೆಯದು, ನಡೆದುದನ್ನು ಉತ್ಪ್ರೇಕ್ಷೆಯಿಲ್ಲದೆ, ದಿನಾಂಕಸಹಿತವಾಗಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡುವುದು. ಇದು ದೂರು ಹೇಳುವ ಚಾಡಿಯಲ್ಲ; ಸತ್ಯಾಣುವ್ರತದ ಪಾಲನೆ. ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವವರು ಅದಕ್ಕೆ ಉಪಗೂಹನವೆಂಬ ಹೆಸರು ಕೊಡಬಾರದು. ತಪ್ಪಿದ ದುರ್ಬಲನ ದೋಷವನ್ನು ಬಯಲಿಗೆಳೆಯದಿರುವುದು ಉಪಗೂಹನ. ನೊಂದವನ ನೋವನ್ನು ಮುಚ್ಚಿಡುವುದಲ್ಲ. ಲೌಕಿಕ ಕಾನೂನೂ ಇದನ್ನು ಹಗುರವಾಗಿ ಕಂಡಿಲ್ಲ. ೧೯೯೫ರಲ್ಲಿ ಜಾರಿಗೆ ಬಂದ ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯು, ವಿದ್ಯಾರ್ಥಿಯ ಮಾನಕ್ಕೆ ಕುಂದು ತರುವ ಕೃತ್ಯವನ್ನು ತಮಾಷೆಯ ಹೆಸರಿನಲ್ಲಿ ಮಾಡಿಸಿದರೂ ಅದನ್ನು ರ‍್ಯಾಗಿಂಗ್ ಎಂದೇ ಪರಿಗಣಿಸಿ ಶಿಕ್ಷಾರ್ಹವಾಗಿಸಿದೆ. ಶಾಲೆಯೂ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ ೧೦೯೮ ಇದೆ.

ಆ ಮೂವರು ಹುಡುಗರಿಗೇನು? ಅವರೂ ಮಕ್ಕಳೇ. ಬಲಮದವು ಎಂಟು ಮದಗಳಲ್ಲಿ ಒಂದು. ಅದು ತಲೆಗೇರಿದ ಜೀವವು ತನಗೇ ಕರ್ಮಬಂಧವನ್ನು ಮಾಡಿಕೊಳ್ಳುತ್ತದೆ. ಅವರನ್ನು ತಡೆಯುವುದು ಅವರ ಮೇಲಿನ ಕರುಣೆಯೂ ಹೌದು. ಆದರೆ ತಡೆಯುವ ಸಾಧನ ಬೆತ್ತವಾಗಬಾರದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಧವೆಂಬ ಅತಿಚಾರವನ್ನು ವಿವರಿಸುವಾಗ ಕೋಲು ಚಾವಟಿಗಳ ಜೊತೆಗೆ ಬೆತ್ತವನ್ನೂ ಹೆಸರಿಸಿದ್ದಾರೆಂಬುದು ಉಪಾಧ್ಯಾಯರು ಮನನ ಮಾಡಬೇಕಾದ ಸಂಗತಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವೂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಲವುಳ್ಳವನು ದುರ್ಬಲನನ್ನು ಹೊಡೆಯಬಹುದೆಂಬ ಪಾಠವನ್ನೇ ಬೆತ್ತವು ಮತ್ತೊಮ್ಮೆ ಕಲಿಸುತ್ತದೆ.

ಬೆತ್ತಕ್ಕಿಂತ ಉತ್ತಮವಾದ ಕ್ರಮವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿಯೇ ಸೂಚಿತವಾಗಿದೆ. ಅವು ಮುನಿಸಂಘಕ್ಕಾಗಿ ಹೇಳಿದುವಾದರೂ ಅವುಗಳ ಕ್ರಮದಲ್ಲಿ ಶಾಲೆಗೂ ಪಾಠವಿದೆ. ಮೊದಲು ಆಲೋಚನೆ, ಎಂದರೆ ಗುರುವಿನ ಮುಂದೆ ತಪ್ಪನ್ನು ತಾನೇ ಒಪ್ಪಿಕೊಳ್ಳುವುದು. ನಡುವೆ ಅಗತ್ಯವಿದ್ದರೆ ಪರಿಹಾರ, ಎಂದರೆ ಕೆಲಕಾಲ ದೂರವಿರಿಸುವುದು. ಕೊನೆಯಲ್ಲಿ ಉಪಸ್ಥಾಪನೆ, ಮತ್ತೆ ಸೇರಿಸಿಕೊಳ್ಳುವುದು. ನಾರ್ವೆಯಲ್ಲಿ ಡಾನ್ ಓಲ್ವೆಯಸ್ ಎಂಬ ವಿದ್ವಾಂಸರು ಬರ್ಗೆನ್ ನಗರದ ೪೨ ಶಾಲೆಗಳ ಸುಮಾರು ೨,೫೦೦ ವಿದ್ಯಾರ್ಥಿಗಳ ನಡುವೆ ೧೯೮೩ರಿಂದ ೧೯೮೫ರವರೆಗೆ ಪ್ರಯೋಗಿಸಿದುದೂ ಹೊಡೆತವಿಲ್ಲದ ಕ್ರಮವನ್ನೇ. ಬಿಡುವಿನ ವೇಳೆಯಲ್ಲಿ ಹಿರಿಯರ ಕಣ್ಣು, ಎಲ್ಲರಿಗೂ ತಿಳಿದ ನಿಯಮ, ತಪ್ಪಿದವನೊಡನೆಯೂ ನೊಂದವನೊಡನೆಯೂ ಅವರ ಪೋಷಕರೊಡನೆಯೂ ಗಂಭೀರವಾದ ಮಾತು. ಕಾಟವು ಸುಮಾರು ಅರ್ಧಕ್ಕೆ ಇಳಿಯಿತು. ಜಾರಿದವನನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣವು ಸಮ್ಯಗ್ದರ್ಶನದ ಅಂಗವೆಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಆ ಮನೆಯ ಅಜ್ಜ ಈಗ ಮಾಡಬೇಕಾದುದೇನು? ಕ್ಷಮಾವಣಿಯಂದು ಹಿರಿಯರೂ ಕಿರಿಯರಲ್ಲಿ ಕ್ಷಮೆ ಬೇಡುವ ಸಂಪ್ರದಾಯವಿದೆ. ಮೊಮ್ಮಗನ ಹಸಿವನ್ನು ವ್ರತವೆಂದು ಹೊಗಳಿದ ತಪ್ಪಿಗೆ ಅವರು ಮುಂದಿನ ಭಾದ್ರಪದದವರೆಗೆ ಕಾಯಬೇಕಾಗಿಲ್ಲ. ಇಂದೇ ಅವನಲ್ಲಿ ಕ್ಷಮೆ ಕೇಳಿ, ನಾಳೆ ಬೆಳಗ್ಗೆ ಅವನ ಕೈ ಹಿಡಿದು ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ನಡೆಯಲಿ. ಇನ್ನು ಮುಂದೆ ಮಗುವೊಂದು ಹೊಸ ನಿಯಮ ಕೈಕೊಂಡಿತೆಂದು ಕೇಳಿದಾಗ, ಪ್ರತಿಯೊಂದು ಮನೆಯ ಹಿರಿಯರೂ ಪ್ರಶಂಸೆಗೆ ಮುನ್ನ ಒಂದು ಮಾತು ಕೇಳಲಿ: “ಇದು ನೀನಾಗಿ ಕೈಕೊಂಡದ್ದೇ, ಮಗು?” ಉತ್ತರ ಬರುವವರೆಗೆ ಅದರ ಮುಖ ನೋಡುತ್ತ ಕುಳಿತಿರಲಿ.