ಕದ್ರಿಯ ಲೋಕೇಶ್ವರ ಮತ್ತು ‘ಮೂಲ’ದ ಪ್ರಶ್ನೆ

ಭಾರತದ ಪ್ರಾಚೀನ ಧರ್ಮಗಳ ಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಮೂಲದ್ದು: ಇಂದು ಒಂದು ಗುಡಿಯಲ್ಲಿ ಪೂಜೆಗೊಳ್ಳುತ್ತಿರುವ ದೇವರು ಮೊದಲು ಯಾರ ದೇವರಾಗಿದ್ದನು, ಯಾರ ಕೈಯಿಂದ ಯಾರ ಕೈಗೆ ಬಂದನು ಎಂಬುದು. ಮಂಗಳೂರಿನ ಕದ್ರಿ ಗುಡ್ಡದ ತಪ್ಪಲಿನ ಮಂಜುನಾಥ ದೇವಾಲಯದ ವಿಷಯದಲ್ಲಿ ಈ ಪ್ರಶ್ನೆಗೆ ದೀರ್ಘವಾದ ವಿದ್ವತ್ ಚರ್ಚೆಯ ಹಿನ್ನೆಲೆಯಿದೆ. ಮಂಜೇಶ್ವರದ ಗೋವಿಂದ ಪೈಯವರು ಇಲ್ಲಿನ ಮಂಜುನಾಥನ ಹೆಸರಿನ ಹಿಂದೆ ಬೌದ್ಧರ ಮಂಜುಘೋಷನನ್ನು, ಅಂದರೆ ಮಂಜುಶ್ರೀ ಎಂಬ ಬೋಧಿಸತ್ತ್ವನನ್ನು ಕಂಡರು. ಬುದ್ಧತ್ವಕ್ಕೆ ಅರ್ಹನಾಗಿಯೂ ಜೀವಿಗಳ ಮೇಲಿನ ಕರುಣೆಯಿಂದ ಲೋಕದಲ್ಲೇ ಉಳಿದವನನ್ನು ಮಹಾಯಾನ ಬೌದ್ಧರು ಬೋಧಿಸತ್ತ್ವನೆನ್ನುತ್ತಾರೆ.

ಊಹೆಗಳಿಗಿಂತ ಮೊದಲು ಗಮನಿಸಬೇಕಾದದ್ದು ದೇವಾಲಯದಲ್ಲೇ ಇರುವ ಕಂಚಿನ ವಿಗ್ರಹವನ್ನು. ಸುಮಾರು ಐದು ಅಡಿ ಎತ್ತರದ ಈ ಮೂರ್ತಿ ಪದ್ಮಾಸನದಲ್ಲಿ ಕುಳಿತಿದೆ. ಇದಕ್ಕೆ ಮೂರು ಮುಖಗಳು, ಆರು ಕೈಗಳು. ಕಾಣದ ನಾಲ್ಕನೆಯ ಮುಖವೊಂದು ಹಿಂಬದಿಯಲ್ಲಿದೆಯೆಂದು ಭಾವಿಸಿದರೆ ನೋಡುವವರಿಗೆ ಇದು ಬ್ರಹ್ಮನಂತೆಯೂ ತೋರಬಹುದು. ಆದರೆ ಪೀಠದ ಮೇಲಿನ ಸಂಸ್ಕೃತ ಶಾಸನ ಆ ಸಂಶಯಕ್ಕೆ ಎಡೆಗೊಡದೆ, ಇವನು ಲೋಕೇಶ್ವರ, ಅಂದರೆ ಲೋಕವನ್ನು ಕರುಣೆಯಿಂದ ನೋಡುವ ಅವಲೋಕಿತೇಶ್ವರನೆಂಬ ಬೋಧಿಸತ್ತ್ವ ಎಂದು ತಿಳಿಸುತ್ತದೆ. ಪ್ರತಿಷ್ಠೆ ನಡೆದ ಸ್ಥಳವನ್ನು ಕದರಿಕಾ ವಿಹಾರವೆಂದು ಕರೆಯುತ್ತದೆ. ವಿಹಾರವೆಂದರೆ ಬೌದ್ಧ ಭಿಕ್ಷುಗಳ ವಾಸಸ್ಥಾನ. ಶಾಸನ ಹೇಳುವ ಕಾಲ ಕಲಿಯುಗದಲ್ಲಿ 4068 ವರ್ಷಗಳು ಕಳೆದ ಮೇಲಿನದು. ಕಲಿಯ ಆರಂಭವನ್ನು ಕ್ರಿ.ಪೂ. 3102 ಎಂದು ಹಿಡಿಯುವ ಸಾಂಪ್ರದಾಯಿಕ ಲೆಕ್ಕದಂತೆ ಅದು ಕ್ರಿ.ಶ. 968ಕ್ಕೆ ಹೊಂದುತ್ತದೆ.

ಮೂರ್ತಿಯನ್ನು ಪ್ರತಿಷ್ಠಾಪಿಸಿದವನು ತುಳುನಾಡನ್ನು ಆಳಿದ ಆಳುಪ ವಂಶದ ಅರಸ ಕುಂದವರ್ಮ. ಶಾಸನದ ನಿಜವಾದ ಮಹತ್ವ ಇರುವುದು ಅವನ ವರ್ಣನೆಯಲ್ಲಿ: ಎಳೆಯ ಚಂದ್ರನನ್ನು ತಲೆಯ ಮೇಲೆ ಧರಿಸಿದವನ, ಅಂದರೆ ಶಿವನ ಪಾದಕಮಲಗಳಲ್ಲಿ ದುಂಬಿಯಾಗಿರುವವನು ಎಂದು ಅದು ಅರಸನನ್ನು ಹೊಗಳುತ್ತದೆ. ಶಿವಭಕ್ತನೆಂದು ಹೇಳಿಸಿಕೊಂಡ ಅರಸ ಬೌದ್ಧ ವಿಹಾರದಲ್ಲಿ ಬೋಧಿಸತ್ತ್ವನನ್ನು ನಿಲ್ಲಿಸಿದನು. ಈ ಎರಡು ಸಂಗತಿಗಳ ನಡುವೆ ವಿರೋಧವಿದೆಯೆಂದು ಶಾಸನ ಬರೆದ ಕವಿಗೆ ತೋರಿದಂತಿಲ್ಲ, ಏಕೆಂದರೆ ಅವನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಮಂಜುಘೋಷನ ಹೆಸರು ಈ ಶಾಸನದಲ್ಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ‘ಮಂಜು’ ಎಂದರೆ ಮನೋಹರವೆಂಬ ಅರ್ಥದ ಸಂಸ್ಕೃತ ಪದ. ಶೈವರಾಗಲಿ ಬೌದ್ಧರಾಗಲಿ ಅದನ್ನು ಬಳಸುವುದಕ್ಕೆ ಅಡ್ಡಿಯಿಲ್ಲದ ಕಾರಣ, ಹೆಸರಿನ ಸಾಮ್ಯವೊಂದರಿಂದಲೇ ಗುಡಿಯ ಮೂಲವನ್ನು ನಿರ್ಣಯಿಸಲಾಗದು.

ಹಿಂದಿನ ಕನ್ನಡನಾಡಿನ ಶಾಸನಗಳು ಪಂಥಗಳನ್ನು ‘ಸಮಯ’ವೆಂದು ಕರೆಯುತ್ತವೆ. ಸಮಯವೆಂದರೆ ಒಪ್ಪಂದ, ಕಟ್ಟಳೆ, ಒಂದು ಕಟ್ಟಳೆಗೆ ಒಳಪಟ್ಟ ಜನರ ಕೂಟ. ಇಂದಿನ ‘ಧರ್ಮ’ ಎಂಬ ಮಾತಿಗೆ ಅಂಟಿಕೊಂಡಿರುವ ಗಡಿಯ ಕಲ್ಪನೆ ಅದರಲ್ಲಿ ಅಷ್ಟಾಗಿ ಇರಲಿಲ್ಲ. ಕದ್ರಿಯ ಶಾಸನಕ್ಕೆ ಒಂದು ಶತಮಾನದ ಅನಂತರವೂ ಮಲೆನಾಡಿನ ಬಳ್ಳಿಗಾವೆಯಲ್ಲಿ ಶೈವ ಮಠಗಳು ಮೆರೆಯುತ್ತಿದ್ದಾಗಲೇ ತಾರಾ ಭಗವತಿಯ ಪೂಜೆ ನಡೆಯುವ ಬೌದ್ಧ ವಿಹಾರವೂ ಇತ್ತು. ಹಾಗೆಂದು ಆ ಕಾಲವನ್ನು ಕಲಹವೇ ಇಲ್ಲದ ಸಾಮರಸ್ಯದ ಯುಗವೆಂದು ಬಣ್ಣಿಸುವುದೂ ತಪ್ಪಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ಬಗೆಹರಿಸಿಕೊಟ್ಟನೆಂದು ಶ್ರವಣಬೆಳಗೊಳದ 1368ರ ಶಾಸನ ಹೇಳುತ್ತದೆ. ಜಗಳವೇ ಇಲ್ಲದ ಕಡೆ ಅರಸ ಪಂಚಾಯಿತಿಗೆ ಕೂರಬೇಕಾದ ಅಗತ್ಯ ಬೀಳುವುದಿಲ್ಲ. ಕದ್ರಿಯ ವಿಹಾರವೂ ಉಳಿಯಲಿಲ್ಲ; ಭಿಕ್ಷುಗಳಿಗೆ ಇಲ್ಲಿ ವಾರಸುದಾರರಿಲ್ಲ.

ವಿಹಾರ ಹೋದರೂ ವಿಗ್ರಹ ಹೋಗಲಿಲ್ಲ ಎಂಬುದನ್ನು ವಿವರಿಸುವಾಗ ನಾಥಪಂಥವನ್ನು ಗಮನಿಸಬೇಕಾಗುತ್ತದೆ. ಮತ್ಸ್ಯೇಂದ್ರನಾಥ ಮತ್ತು ಗೋರಖನಾಥರನ್ನು ಗುರುಗಳೆಂದು ನಂಬುವ, ಹಠಯೋಗವನ್ನು ಸಾಧನೆಯಾಗಿ ಹಿಡಿದ ಶೈವ ಯೋಗಿಗಳ ಈ ಪರಂಪರೆಗೆ ಕದ್ರಿಯ ಜೋಗಿಮಠ ಮುಖ್ಯ ನೆಲೆಗಳಲ್ಲೊಂದು. ನೇಪಾಳದ ಪಾಟನ್ ನಗರದ ರಥೋತ್ಸವದಲ್ಲಿ ಮೆರೆಯುವ ಕೆಂಪು ಬಣ್ಣದ ದೇವರನ್ನು ಬೌದ್ಧರು ಅವಲೋಕಿತೇಶ್ವರನೆಂದೂ ಹಿಂದೂಗಳು ಮತ್ಸ್ಯೇಂದ್ರನಾಥನೆಂದೂ ಪೂಜಿಸುತ್ತಾರೆ. ಹಿಮಾಲಯದ ಮಗ್ಗುಲಲ್ಲಿ ಒಂದೇ ಮೂರ್ತಿಯಲ್ಲಿ ಬೆರೆತಿರುವ ಬೋಧಿಸತ್ತ್ವನೂ ನಾಥಗುರುವೂ ಕಡಲ ತೀರದ ಕದ್ರಿಯಲ್ಲಿ ಒಂದೇ ಗುಡ್ಡವನ್ನು ಹಂಚಿಕೊಂಡಿರುವುದು ಕಾಕತಾಳೀಯವೆಂದು ತಳ್ಳಿಹಾಕುವಂತಹದಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲ ವಾಲೆ ಇಲ್ಲಿಗೆ ಬಂದಾಗ ಕಂಡದ್ದು ‘ಜೋಗಿಗಳ ಅರಸ’ನನ್ನು. ನಾಸಿಕದ ಕುಂಭಮೇಳದ ಬಳಿಕ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಡುವ ನಾಥಯೋಗಿಗಳ ಝುಂಡಿ, ಅಂದರೆ ತಂಡ, ಹನ್ನೆರಡು ವರ್ಷಕ್ಕೊಮ್ಮೆ ಕದ್ರಿಗೆ ಬಂದು ಮಠಕ್ಕೆ ಹೊಸ ಅರಸನನ್ನು ಪಟ್ಟಕ್ಕೇರಿಸುವ ಪದ್ಧತಿ ಇಂದಿಗೂ ಇದೆ.

ಹೆಸರನ್ನು ಹಿಂದಕ್ಕೆ ಹೊತ್ತೊಯ್ಯುವುದರ ಅಪಾಯವನ್ನು ಸಿಂಧೂ ನಾಗರಿಕತೆಯ ಅಧ್ಯಯನವೂ ತೋರಿಸುತ್ತದೆ. ಮೊಹೆಂಜೊದಾರೊದಲ್ಲಿ ಸಿಕ್ಕಿದ, ಕೊಂಬಿನ ಶಿರಸ್ತ್ರಾಣ ಧರಿಸಿ ಪ್ರಾಣಿಗಳ ನಡುವೆ ಕುಳಿತವನ ಮುದ್ರೆಯನ್ನು ಜಾನ್ ಮಾರ್ಷಲ್ 1931ರಲ್ಲಿ ಶಿವನ ಆದಿರೂಪವೆಂದು ಓದಿದನು. ಮುದ್ರೆಯ ಮೇಲಿರುವ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಯಾರೂ ಇನ್ನೂ ಓದಿಲ್ಲವಾದ್ದರಿಂದ ಆ ಮಾತು ಇವತ್ತಿಗೂ ಊಹೆಯಾಗಿಯೇ ಉಳಿದಿದೆ. ಕದ್ರಿಯಲ್ಲಾದರೋ ಓದಬಲ್ಲ ಲಿಪಿಯಿದೆ, ವರ್ಷವಿದೆ, ದಾನಿಯ ಹೆಸರಿದೆ. ಇಷ್ಟಿದ್ದೂ ಗುಡಿಯನ್ನು ಒಂದೇ ಪಂಥದ ಲೆಕ್ಕಕ್ಕೆ ಬರೆದುಕೊಳ್ಳಲು ಆ ಶಾಸನ ಒಪ್ಪುವುದಿಲ್ಲ.

ಆದುದರಿಂದ ‘ಕದ್ರಿ ಮೂಲದಲ್ಲಿ ಯಾರದು’ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದಕ್ಕೆ ಆಧಾರಗಳ ಕೊರತೆ ಕಾರಣವಲ್ಲ. ಇರುವ ಆಧಾರವೇ ಆ ಪ್ರಶ್ನೆಯನ್ನು ತಿದ್ದುತ್ತದೆ. ಹತ್ತನೆಯ ಶತಮಾನದ ಶೈವ ಅರಸನೊಬ್ಬ ಪ್ರತಿಷ್ಠಾಪಿಸಿದ ಬೌದ್ಧ ದೇವರು ವಿಹಾರ ಅಳಿದ ಮೇಲೂ ಶಿವಾಲಯದ ಆವರಣದಲ್ಲೇ ಉಳಿದು ಬಂದಿದ್ದಾನೆ, ಅವನ ಪೀಠದ ಮೇಲೆ ಅವನ ಹೆಸರು ಅಳಿಯದೆ ಉಳಿದಿದೆ.